ಕಾವಲಿಗೆ ಕೂತವರು

ಆ ಮನೆಯಲ್ಲಿ ಯಾರಾದರೂ ಬೆರಳು ಕುಯ್ದುಕೊಂಡರೆ ತಾಯಿ ಮೊದಲು ಕೇಳುತ್ತಿದ್ದುದು "ನೋವಾಯ್ತಾ" ಎಂದಲ್ಲ, "ಎಷ್ಟು ಹೋಯ್ತು" ಎಂದು. ಹೋದದ್ದೆಂದರೆ ರಕ್ತ. ಮನೆಮಂದಿಗೆಲ್ಲ ಒಂದೇ ಗುಂಪು, ಅದೂ ನೂರು ಜನರನ್ನು ನಿಲ್ಲಿಸಿದರೆ ಇಬ್ಬರೋ ಮೂವರೋ ಸಿಕ್ಕಬಹುದಾದ ನೆಗೆಟಿವ್ ಗುಂಪು. ಗಂಡಹೆಂಡಿರಿಬ್ಬರದೂ ಅದೇ ಆಗಿದ್ದರಿಂದ ನಾಲ್ಕು ಮಕ್ಕಳಿಗೂ ಅದೇ ಬಂತು. ಬೀದಿಯವರು ಆ ಮನೆಗೆ ನೆಗೆಟಿವ್ ಮನೆ ಎಂದು ಹೆಸರಿಟ್ಟಿದ್ದರು. ತಾಯಿಯ ಬಾಯಿಗೆ ಸಿಕ್ಕಿ ಬಂದವರು, ಹೆಸರು ರಕ್ತ ನೋಡಿ ಇಟ್ಟದ್ದಲ್ಲ ಎಂದು ನಗುತ್ತಿದ್ದರು.

ಇಪ್ಪತ್ತೆರಡು ವರ್ಷದ ಹಿಂದೆ ಮಕ್ಕಳ ತಂದೆ ಅಪಘಾತವಾಗಿ ಆಸ್ಪತ್ರೆ ಸೇರಿ, ಹೆಂಡತಿಯೂ ದೊಡ್ಡ ಮಕ್ಕಳಿಬ್ಬರೂ ಕೊಟ್ಟ ರಕ್ತ ಸಾಲದೆ, ಅಲ್ಲಿಂದ ಹಿಂದಿರುಗಲಿಲ್ಲ. "ಮತ್ತೆ ರಕ್ತ ಸಿಗಲಿಲ್ಲ" ಎಂದಷ್ಟೇ ತಾಯಿ ಹೇಳಿದ್ದು, ಅದಕ್ಕಿಂತ ಒಂದಕ್ಷರ ಹೆಚ್ಚು ಹೇಳಿದವಳಲ್ಲ. ಆದರೆ ಆ ವಾರವೇ ಮನೆಗೊಂದು ಕಟ್ಟಳೆ ಮಾಡಿದಳು. ನಾಲ್ಕು ಮಕ್ಕಳಲ್ಲಿ ಹದಿನೆಂಟು ತುಂಬಿದ ಒಬ್ಬರು ಯಾವಾಗಲೂ ಕಾವಲಿಗೆ ಇರಬೇಕು. ಕಾವಲಿಗೆ ಇರುವವರು ಹೊರಗಿನವರಿಗೆ ರಕ್ತ ಕೊಡುವಂತಿಲ್ಲ, ಊರು ಬಿಡುವಂತಿಲ್ಲ, ತಲೆನೋವಿನ ಮಾತ್ರೆ ನುಂಗುವುದಾದರೂ ಅವಳನ್ನು ಕೇಳಿಯೇ ನುಂಗಬೇಕು. ಮೂರು ತಿಂಗಳಿಗೊಮ್ಮೆ ಸರದಿ ಬದಲಾಗುತ್ತಿತ್ತು. ಮಿಕ್ಕ ಮೂವರು ಊರಿಗೆಲ್ಲ ಕೊಟ್ಟುಕೊಳ್ಳಲಿ, ಅದಕ್ಕೆ ಅವಳ ಅಡ್ಡಿಯಿರಲಿಲ್ಲ.

ನಾಲ್ವರಲ್ಲಿ ಎರಡನೆಯವಳು ಮನೆಯ ಕೆಳಗಿನ ಮಳಿಗೆಯಲ್ಲೇ ಕನ್ನಡಕದಂಗಡಿ ಇಟ್ಟಿದ್ದಳು. ಊರಿಗೆಲ್ಲ ಅವಳು ಕನ್ನಡಕದಕ್ಕ. ವಯಸ್ಸು ನಲವತ್ಮೂರು, ಸಿಟ್ಟು ಮೂಗಿನ ತುದಿಯಲ್ಲಿ, ಅದರ ಮೇಲೊಂದು ಕನ್ನಡಕ. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರ ಕಣ್ಣಿನ ಪವರ್ ಅರ್ಧ ಏರಿಸಿ ಕಳಿಸುತ್ತಾಳೆಂದು ತಮಾಷೆ ಮಾಡುತ್ತಿದ್ದರು. ತನ್ನ ಗುಂಪಿನ ರಕ್ತದವರನ್ನೆಲ್ಲ ಹುಡುಕಿ ಹುಡುಕಿ ಒಂದು ಪಟ್ಟಿ ಮಾಡಿದ್ದಳು. ಮೂವತ್ತೊಂದು ಹೆಸರು. ಆಸ್ಪತ್ರೆಯ ರಕ್ತನಿಧಿಗೆ ಆ ಗುಂಪು ಬೇಕಾದಾಗಲೆಲ್ಲ ಫೋನ್ ಬರುತ್ತಿದ್ದುದು ಅವಳಿಗೇ. ಅವಳು ಪಟ್ಟಿ ಹಿಡಿದು ಕೂತು ಯಾರನ್ನೋ ಒಬ್ಬರನ್ನು ಎಬ್ಬಿಸಿ ಕಳಿಸುತ್ತಿದ್ದಳು.

ಆ ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಅವಳು ಒಬ್ಬ ನಿವೃತ್ತ ಮೇಷ್ಟರ ಕಣ್ಣಿಗೆ ಲೆನ್ಸ್ ಹಾಕಿ ತೆಗೆದು ಹಾಕಿ ತೆಗೆದು ಸಾಕಾಗಿದ್ದಳು. ಮೇಷ್ಟರು ಪ್ರತಿ ಲೆನ್ಸಿಗೂ "ಇದೂ ಪರವಾಗಿಲ್ಲ" ಎನ್ನುತ್ತಿದ್ದರು.

"ಪರವಾಗಿಲ್ಲ ಅನ್ನೋ ಪವರ್ ನನ್ನ ಹತ್ರ ಇಲ್ಲ ಮೇಷ್ಟ್ರೇ. ಕಾಣುತ್ತೋ ಇಲ್ವೋ ಹೇಳಿ."

ಅಷ್ಟರಲ್ಲಿ ರಕ್ತನಿಧಿಯ ಮೇಡಂ ಫೋನ್ ಮಾಡಿದರು. ಗೋಣಿಚೀಲದ ಕಾರ್ಖಾನೆಯಲ್ಲಿ ಒಬ್ಬ ಹೆಂಗಸಿನ ತೋಳು ಯಂತ್ರದ ಬೆಲ್ಟಿಗೆ ಸಿಕ್ಕಿದೆ. ಆಪರೇಷನ್ ಆಗಬೇಕು. ಇದ್ದ ಒಂದೇ ಒಂದು ಬಾಟಲಿ ಆಗಲೇ ಏರಿಸಿದ್ದಾರೆ, ಇನ್ನೊಂದು ಬೇಕೇ ಬೇಕು. "ಮೂರು ಗಂಟೆಯೊಳಗೆ ಅಕ್ಕ. ಅದಕ್ಕಿಂತ ತಡ ಮಾಡೋ ಹಾಗಿಲ್ಲ ಅಂತಿದ್ದಾರೆ ಡಾಕ್ಟರು."

"ಮೂರು ಯಾಕೆ, ಒಂದಕ್ಕೇ ಕಳಿಸ್ತೀನಿ" ಎಂದಳು ಕನ್ನಡಕದಕ್ಕ. ಮೇಷ್ಟರನ್ನು ನಾಳೆ ಬನ್ನಿ ಎಂದು ಕಳಿಸಿ ಪಟ್ಟಿ ಬಿಚ್ಚಿದಳು.

ಪಟ್ಟಿಯಲ್ಲಿ ಈಚೆಗೆ ಕೊಟ್ಟವರು, ಊರಲ್ಲಿಲ್ಲದವರು, ಜ್ವರದವರು ಎಂದು ಕಳೆದರೆ ಹದಿನಾಲ್ಕು ಮಂದಿ ಉಳಿದರು. ಹದಿನಾಲ್ಕರಲ್ಲಿ ಒಬ್ಬರು ಸಿಗುವುದೇನು ಮಹಾ ಎಂದುಕೊಂಡು ಮೊದಲು ಬೇಕರಿಯವನಿಗೆ ಫೋನ್ ಮಾಡಿದಳು.

"ಅಯ್ಯೋ ಅಕ್ಕ, ನಾನು ಕಾವಲಿಗಿದ್ದೀನಲ್ಲ."

"ಏನು?"

"ಕಾವಲಿಗೆ. ನೀವೇ ಹೇಳಿದ್ರಲ್ಲ, ಮನೆಗೊಬ್ರು ಕಾವಲಿಗಿರ್ಬೇಕು ಅಂತ. ನಮ್ಮನೇಲಿ ಈ ಗುಂಪಿರೋನು ನಾನೊಬ್ಬ, ನನ್ನ ಮಗಳೊಬ್ಳು. ಮಗಳು ಸ್ಕೂಟರ್ ಕಲೀತಿದ್ದಾಳೆ."

ಕನ್ನಡಕದಕ್ಕ ಆ ಹೆಸರಿಗೆ ಅಡ್ಡಗೀಟು ಹಾಕಿದಳು. ಎರಡನೆಯವನು ಶಾಲೆ ವ್ಯಾನಿನ ಡ್ರೈವರ್. ಅವನೂ ಕಾವಲಿಗಿದ್ದ, ಅವನ ಅಣ್ಣನಿಗೆ ಹರ್ನಿಯಾ ಇದೆಯಂತೆ, ಆಪರೇಷನ್ ಮಾಡಿಸಿಕೊಳ್ಳುವ ಮನಸ್ಸು ಯಾವತ್ತು ಬರುತ್ತದೋ ಗೊತ್ತಿಲ್ಲವಂತೆ. ಬ್ಯಾಂಕಿನ ಮೇಡಂ ತಮ್ಮ ಅಮ್ಮನಿಗಾಗಿ ಕಾವಲಿಗಿದ್ದರು.

"ನಿಮ್ಮಮ್ಮನಿಗೆ ಏನಾಗಿದೆ?"

"ಇನ್ನೂ ಏನೂ ಆಗಿಲ್ಲ. ಅದಕ್ಕೇ ತಾನೇ ಕಾವಲು ಅನ್ನೋದು?"

ಐದು, ಆರು, ಏಳು. ಎಲ್ಲರೂ ವಿನಯದಿಂದಲೇ ಮಾತಾಡಿದರು. ಯಾರೂ ಕೊಡುವುದಿಲ್ಲ ಎನ್ನಲಿಲ್ಲ. ಎಲ್ಲರೂ ಕಾವಲಿಗಿದ್ದೇವೆ ಎಂದರು, ಅದನ್ನೊಂದು ಪುಣ್ಯದ ಕೆಲಸವೆನ್ನುವಂತೆ. ಒಬ್ಬನಂತೂ "ನಿಮ್ಮ ಮಾತು ಕೇಳಿದ ಮೇಲೆ ನಾನು ಒಂದ್ಸಲಾನೂ ತಪ್ಪಿಲ್ಲ ಅಕ್ಕ" ಎಂದು ಶಾಭಾಸ್‌ಗಿರಿಗೆ ಕಾದ. ಅವಳು ಪಟ್ಟನೆ ಫೋನ್ ಇಟ್ಟಳು.

ಈ ಕಾವಲಿನ ಕಥೆಯನ್ನು ಊರಿಗೆ ಹಬ್ಬಿಸಿದವಳು ಬೇರೆ ಯಾರೂ ಅಲ್ಲ, ಅವಳೇ. ಮೂರು ವರ್ಷದ ಹಿಂದೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಪಟ್ಟಿಯವರನ್ನೆಲ್ಲ ಸೇರಿಸಿದ್ದಾಗ ಯಾರೋ ಎದ್ದು ನಿಂತು, ಹೀಗೆ ಊರಿಗೆಲ್ಲ ಕೊಡುತ್ತಾ ಹೋದರೆ ನಮ್ಮ ಮನೆಗೆ ಬೇಕಾದಾಗ ಗತಿಯೇನು ಎಂದು ಕೇಳಿದ್ದರು. ಧೈರ್ಯ ತುಂಬುವ ಉತ್ಸಾಹದಲ್ಲಿ ಅವಳು ತನ್ನ ಮನೆಯ ಕಟ್ಟಳೆಯನ್ನು ಎದೆಯುಬ್ಬಿಸಿ ವರ್ಣಿಸಿದ್ದಳು. ಚಪ್ಪಾಳೆ ಬಿತ್ತು. ತನ್ನ ಮನೆಯಲ್ಲಿ ಆ ಗುಂಪಿನವರು ನಾಲ್ವರಿದ್ದಾರೆ, ಒಬ್ಬರು ಕೂತರೂ ಮೂವರು ಉಳಿಯುತ್ತಾರೆ. ಊರಿನ ಮಿಕ್ಕ ಮನೆಗಳಲ್ಲಿ ಇರುವವರೇ ಒಬ್ಬರು, ಇಲ್ಲವೇ ಇಬ್ಬರು, ಆ ಒಬ್ಬರೇ ಕಾವಲಿಗೆ ಕೂತರೆ ಆ ಮನೆಯ ಬಾಗಿಲೇ ಮುಚ್ಚಿತು ಎನ್ನುವುದು ಅವಳ ಬುದ್ಧಿವಂತ ತಲೆಗೆ ಆ ಹೊತ್ತು ಹೊಳೆದಿರಲಿಲ್ಲ. ಈಗ ಹನ್ನೆರಡೂವರೆಗೆ, ಹದಿನಾಲ್ಕನೆಯ ಫೋನ್ ಮುಗಿದ ಮೇಲೆ, ಚೆನ್ನಾಗಿ ಹೊಳೆಯಿತು. ಯಾರನ್ನು ಬೈಯಬೇಕು? ಬೈಯಬೇಕಾದವಳು ಕಣ್ಣು ಪರೀಕ್ಷೆಯ ಕನ್ನಡಿಯಲ್ಲಿ ಎದುರಿಗೇ ಕೂತಿದ್ದಳು. ಅದಕ್ಕಿಂತ ಹೊಟ್ಟೆ ಉರಿಸಿದ ಸಂಗತಿಯೆಂದರೆ, ಆವತ್ತು ಅವಳೂ ಕಾವಲಿಗೇ ಇದ್ದಳು.

ಕಾವಲು ತಂಗಿಗಾಗಿ. ತಂಗಿ ತುಂಬು ಬಸುರಿ, ಬರುವ ಗುರುವಾರ ಆಪರೇಷನ್ ಮಾಡಿ ಮಗುವನ್ನು ತೆಗೆಯುವುದೆಂದು ಗೊತ್ತಾಗಿತ್ತು. ಮಾಸು ಕೆಳಗಿದೆ, ರಕ್ತ ಜಾಸ್ತಿ ಹೋಗಬಹುದು, ಕೊಡುವವರು ಸಿದ್ಧವಿರಲಿ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಮುಂಚೆಯೇ ಕೊಟ್ಟು ಹೆಸರು ಬರೆದು ಎತ್ತಿಡಿಸುವ ಪದ್ಧತಿ ಆ ಆಸ್ಪತ್ರೆಯಲ್ಲಿರಲಿಲ್ಲ. ಇದ್ದದ್ದು ಮೊದಲು ಬಂದವರಿಗೆ. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಣ್ಣ ತಿಂಗಳ ಹಿಂದಷ್ಟೇ ಯಾರಿಗೋ ಕೊಟ್ಟಿದ್ದ, ಅದೂ ಇವಳೇ ಹೇಳಿ ಕಳಿಸಿದ್ದಕ್ಕೆ. ಉಳಿದವರು ಇವಳು ಮತ್ತು ಜಿಮ್‌ನಲ್ಲಿ ತರಬೇತಿ ಕೊಡುವ ತಮ್ಮ. ತಾಯಿ ಇಬ್ಬರನ್ನೂ ಒಟ್ಟಿಗೆ ಕಾವಲಿಗೆ ಕೂರಿಸಿದ್ದಳು.

ಇಬ್ಬರಿದ್ದೇವಲ್ಲ, ಒಬ್ಬರು ಕೊಟ್ಟರೂ ಇನ್ನೊಬ್ಬರು ಉಳಿಯುತ್ತೇವೆ. ಹಾಗೆಂದು ಲೆಕ್ಕ ಹಾಕಿ ಅವಳು ಅಂಗಡಿಯ ಬಾಗಿಲು ಎಳೆದುಕೊಂಡು ಮೆಟ್ಟಿಲು ಹತ್ತಿದಳು. ತಮ್ಮನಿಗೂ ಮನೆಗೆ ಬಾ ಎಂದು ಹೇಳಿಯಾಗಿತ್ತು.

ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಪೂರ್ತಿ ಕೇಳಿಸಿಕೊಂಡಳು. ರಕ್ತ ಕೊಡುವ ವಯಸ್ಸು ದಾಟಿದ, ಅರವತ್ತೆಂಟು ವರ್ಷದ ಸಣ್ಣ ದೇಹ, ಕೈಯಲ್ಲಿ ಒರೆಸುವ ಬಟ್ಟೆ.

"ಆಗಲ್ಲ" ಎಂದಳು.

"ಅಮ್ಮ, ನಾನೊಬ್ಳೇ ಕೊಡೋದು. ಅವನಿರ್ತಾನೆ."

"ಡಾಕ್ಟರು ಏನಂದ್ರು? ಎರಡು ಬಾಟಲಿ ಆದ್ರೂ ಬೇಕಾಗ್ಬಹುದು ಅಂದ್ರಾ ಇಲ್ವಾ? ಆರು ದಿನ ತಡ್ಕೊಳ್ಳೋಕಾಗಲ್ವಾ ನಿಂಗೆ? ಊರವರಿಗೆ ಕೊಟ್ಟೂ ಕೊಟ್ಟೂ ನಿನ್ನ ಕೈ ಜಾಲರಿ ಆಗಿದೆ. ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ? ಈ ಆರು ದಿನ ಬೇಡ ಅಂತಿದ್ದೀನಿ."

"ಆ ಹೆಂಗಸಿಗೆ ಆರು ದಿನ ಇಲ್ಲಮ್ಮ. ಮೂರು ಗಂಟೆವರೆಗೆ ಇದೆ."

ಒಳಗಿನ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದ ತಂಗಿಗೆ ಎಲ್ಲ ಕೇಳಿಸುತ್ತಿತ್ತು. ಅವಳ ಕಾಲು ಊದಿಕೊಂಡು ದಿಂಬಿನ ಮೇಲಿದ್ದವು.

ಅಷ್ಟರಲ್ಲಿ ತಮ್ಮ ಬಂದ. ಹೊರಗೆ ಉರಿಬಿಸಿಲು, ಅವನು ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ ತೊಟ್ಟಿದ್ದ. ತೋಳು ತೋರಿಸುವುದಕ್ಕೆಂದೇ ಹುಟ್ಟಿದವನ ಹಾಗೆ ಬನಿಯನ್ನಿನಲ್ಲಿ ಓಡಾಡುತ್ತಿದ್ದ ಮನುಷ್ಯ. ಕನ್ನಡಕದಕ್ಕ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

"ನೋಡೋ, ಹೀಗೆ ಮಾಡೋಣ. ಅಮ್ಮನಿಗೆ ನಾನು ಇಲ್ಲೇ ಇರ್ಬೇಕು ಅಂತಿದ್ರೆ ನೀನೇ ಹೋಗಿ ಕೊಟ್ಟು ಬಾ. ನಾನು ಗುರುವಾರಕ್ಕೆ ಇರ್ತೀನಿ."

ತಮ್ಮ ಗೋಡೆ ನೋಡಿದ. "ನಾನಾ? ನನಗ್ಯಾಕೋ ಎರಡು ದಿನದಿಂದ ಸುಸ್ತು ಅಕ್ಕ."

"ಬೆಳಗ್ಗೆ ನೂರು ಕೇಜಿ ಎತ್ತಿದೆ ಅಂತ ಫೋಟೋ ಹಾಕಿದ್ದೀಯ!"

"ಅದು ಹಳೇ ಫೋಟೋ."

"ಎಲ್ಲಿ, ಕೈ ಕೊಡು ಇಲ್ಲಿ" ಎಂದು ತಾಯಿ ಮುಂದೆ ಬಂದಳು. ಸುಸ್ತು ಎಂದರೆ ನಾಡಿ ಹಿಡಿಯುವುದು ಅವಳ ಅಭ್ಯಾಸ. ಅವನು ಕೈ ಹಿಂದಕ್ಕೆಳೆದುಕೊಂಡ. ಎಳೆದದ್ದೇ ತಪ್ಪಾಯಿತು. ತಾಯಿ ಗುಂಡಿ ಬಿಚ್ಚಿ ತೋಳನ್ನು ಮೊಣಕೈವರೆಗೆ ಸರಕ್ಕನೆ ಮೇಲೇರಿಸಿದಳು.

ಒಳತೋಳಿನ ಮೇಲೆ ಅಂಗೈಯಷ್ಟು ದೊಡ್ಡ ಹಚ್ಚೆ. ಸುತ್ತ ಚರ್ಮ ಇನ್ನೂ ಕೆಂಪಗಿತ್ತು. ಒಂದು ರಕ್ತದ ಹನಿ, ಹನಿಯ ಒಳಗೆ ಅವರ ಗುಂಪಿನ ಹೆಸರು, ಕೆಳಗೆ ನಾಲ್ಕು ಸಣ್ಣ ಚುಕ್ಕಿ.

ಕನ್ನಡಕದಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. "ಯಾವಾಗ ಹಾಕಿಸ್ಕೊಂಡೆ?"

"ಮೂರು ವಾರ ಆಯ್ತು. ನಮ್ಮ ಮನೆ ಗುರುತು ಅಂತ ಹಾಕಿಸ್ಕೊಂಡೆ ಅಕ್ಕ. ನಾಲ್ಕು ಚುಕ್ಕಿ ಅಂದ್ರೆ ನಾವು ನಾಲ್ಕು ಜನ. ಆಮೇಲೆ ಯಾರೋ ಹೇಳಿದ್ರು, ಹಚ್ಚೆ ಹಾಕಿಸ್ಕೊಂಡ್ರೆ ಒಂದು ವರ್ಷ ರಕ್ತ ತಗೊಳಲ್ಲ ಅಂತ. ಹೇಳೋಣ ಹೇಳೋಣ ಅಂತಿದ್ದೆ."

"ಒಂದು ವರ್ಷ" ಎಂದಳು ತಾಯಿ.

"ನಾನು ಮಾಡಿದ್ದು ಪ್ರೀತಿಯಿಂದ ಅಮ್ಮ."

"ಪ್ರೀತಿ ನಿನ್ನ ತಲೆ! ರಕ್ತದ ಗುರುತು ಹಾಕಿಸ್ಕೊಳ್ಳೋಕೆ ಹೋಗಿ ರಕ್ತಾನೇ ಕೆಲಸಕ್ಕೆ ಬಾರದ ಹಾಗೆ ಮಾಡ್ಕೊಂಡ್ಯಲ್ಲೋ. ಪ್ರಪಂಚದಲ್ಲಿ ಇನ್ನ್ಯಾವ ಮನೇಲಿ ಇಂಥವನು ಹುಟ್ತಾನೆ?" ಕನ್ನಡಕದಕ್ಕನಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ತಮ್ಮ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ತೋಳು ಇಳಿಸಿದ.

ಹಾಗಾದರೆ ಇಷ್ಟು ದಿನ ಮನೆಯವರು ನೆಮ್ಮದಿಯಿಂದ ನಂಬಿಕೊಂಡಿದ್ದ ಇಬ್ಬರು ಕಾವಲುಗಾರರಲ್ಲಿ ಒಬ್ಬ ಲೆಕ್ಕಕ್ಕೇ ಇರಲಿಲ್ಲ. ಉಳಿದವಳು ಇವಳೊಬ್ಬಳೇ. ಈಗ ಇವಳು ಎದ್ದು ಹೋದರೆ ಗುರುವಾರ ತಂಗಿಗೆ ಮನೆಯಲ್ಲಿ ಯಾರೂ ಇಲ್ಲ. ಗಡಿಯಾರದಲ್ಲಿ ಒಂದೂ ಇಪ್ಪತ್ತು.

"ಅಕ್ಕ, ಹೋಗಬೇಡ" ಎಂದಳು ಒಳಗಿನಿಂದ ತಂಗಿ. ಸಣ್ಣ ದನಿ. "ನಂಗೆ ಭಯ ಆಗುತ್ತೆ. ಆ ಹೆಂಗಸು ಯಾರೋ ಏನೋ, ಪಾಪ ಅನ್ಸುತ್ತೆ. ಆದ್ರೂ ಹೋಗಬೇಡ."

ಈಗ ಮೂವತ್ತು ದಾಟಿದ ಆ ತಂಗಿಯನ್ನು ಎತ್ತಿ ಆಡಿಸಿದವಳು, ಶಾಲೆಗೆ ಬಿಟ್ಟವಳು, ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದವಳು ಇವಳೇ. ಕನ್ನಡಕದಕ್ಕ ಕುರ್ಚಿಯ ಮೇಲೆ ಕೂತಳು. ಕೈಯಲ್ಲಿದ್ದ ಪಟ್ಟಿಯ ಪುಸ್ತಕವನ್ನು ಮೇಜಿನ ಮೇಲೆ ಒಗೆದಳು.

"ಹದಿನಾಲ್ಕು ಜನಕ್ಕೆ ಫೋನ್ ಮಾಡ್ದೆ ಅಮ್ಮ. ಹದಿನಾಲ್ಕು ಜನಾನೂ ಕಾವಲಿಗಿದ್ದೀವಿ ಅಂದ್ರು. ಆವತ್ತು ಅಪ್ಪನಿಗೆ ರಕ್ತ ಸಿಗಲಿಲ್ಲ ಅಂತೀಯಲ್ಲ, ಊರಲ್ಲಿ ಯಾರೂ ಇರ್ಲಿಲ್ಲ ಅಂದ್ಕೊಂಡಿದ್ಯಾ? ಇದ್ದೇ ಇರ್ತಾರೆ. ಹೀಗೇ ಎಲ್ಲೋ ಕಾವಲಿಗೆ ಕೂತಿರ್ತಾರೆ."

"ಗೊತ್ತು" ಎಂದಳು ತಾಯಿ.

ಅವಳು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಅಂಚಿಗಿಟ್ಟಳು.

"ಒಬ್ಬ ಇದ್ದ. ಆಸ್ಪತ್ರೆಯವರೇ ವಿಳಾಸ ಕೊಟ್ಟಿದ್ರು. ಗರಗಸದ ಅಂಗಡಿ ಹಿಂದಿನ ಮನೆ. ನಾನೇ ಹೋಗಿದ್ದೆ. ಬಾಗಿಲು ತೆಗೆದ, ಕೂತ್ಕೊಳ್ಳಿ ಅಂದ, ನೀರು ಕೊಟ್ಟ. ಆಮೇಲೆ, ತಪ್ಪು ತಿಳ್ಕೋಬೇಡಿ ಅಮ್ಮ, ನನ್ನ ಹೆಂಡತಿಗೆ ಈ ವಾರ ಹೆರಿಗೆ, ನಂದೂ ಅವಳದೂ ಒಂದೇ ಗುಂಪು ಅಂದ. ನಾನು ಎದ್ದು ಬಂದೆ."

ಇಪ್ಪತ್ತೆರಡು ವರ್ಷ ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಅವನಿಂದಾನಾ ನೀನು ಕಲಿತದ್ದು?" ಎಂದಳು ಕನ್ನಡಕದಕ್ಕ. "ಅಂಥವನಿಂದ?"

"ಇನ್ಯಾರಿಂದ ಕಲೀಲಿ? ಅವನ ಹೆಂಡತಿ ಚೆನ್ನಾಗಿದ್ದಾಳೆ, ಮಗು ಬೆಳೆದು ಕೆಲಸಕ್ಕೆ ಹೋಗ್ತಿದೆ. ದಾರೀಲಿ ಎಷ್ಟೋ ಸಲ ನೋಡಿದ್ದೀನಿ. ನಿಮ್ಮಪ್ಪ ಇಲ್ಲ. ಯಾರು ಮಾಡಿದ್ದು ಸರಿ, ನೀನೇ ಹೇಳು."

ಕನ್ನಡಕದಕ್ಕನಿಗೆ ತಾಯಿಯದು ತಪ್ಪೆನ್ನಲು ಬಾಯಿ ಬರಲಿಲ್ಲ, ಸರಿಯೆನ್ನಲು ಮನಸ್ಸು ಬರಲಿಲ್ಲ. ಒಂದು ಮಾತ್ರ ಸ್ಪಷ್ಟವಾಗಿತ್ತು. ನೀರು ಕೊಟ್ಟು ಕೂರಿಸಿ ಇಲ್ಲ ಎಂದ ಆ ಮನುಷ್ಯ ಕೆಟ್ಟವನಾಗಿರಲಿಲ್ಲ. ಬೇಕರಿಯವನೂ ಕೆಟ್ಟವನಲ್ಲ, ಬ್ಯಾಂಕಿನ ಮೇಡಂ ಕೂಡ ಅಲ್ಲ. ಅವರೆಲ್ಲರ ಜೊತೆ ಈಗ ಅವಳೂ ಬಾಗಿಲ ಒಳಗೆ ನಿಂತಿದ್ದಳು, ಹೊರಗೆ ಯಾರದೋ ತೋಳಿನಿಂದ ರಕ್ತ ಹೋಗುತ್ತಿತ್ತು. ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಕರುಣೆ ಉಕ್ಕಿ ಹೋದಳೆಂದರೆ ಸುಳ್ಳಾದೀತು. ಸಿಟ್ಟು ಉಕ್ಕಿ ಹೋದಳು. ಊರಿನ ಮೇಲೆ, ತಮ್ಮನ ಮೇಲೆ, ಮೂರು ವರ್ಷದ ಹಿಂದೆ ಚಪ್ಪಾಳೆ ಗಿಟ್ಟಿಸಿದ ತನ್ನ ನಾಲಿಗೆಯ ಮೇಲೆ. ತಂಗಿಯ ಕೋಣೆಯ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗುತ್ತಿರಲಿಲ್ಲ.

"ಅವಳಿಗೇನಾದ್ರೂ ಆದ್ರೆ ಈ ಮೆಟ್ಟಿಲು ಹತ್ತಬೇಡ" ಎಂದಳು ತಾಯಿ ಬೆನ್ನ ಹಿಂದೆ.

ಆಸ್ಪತ್ರೆಯ ಹಜಾರದಲ್ಲಿ ಒಬ್ಬ ನಡುವಯಸ್ಸಿನ ಗಂಡಸು ಔಷಧಿ ಕಿಟಕಿಯ ಸಾಲಿನಲ್ಲಿ ನಿಂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳುತ್ತಾ ಬರುತ್ತಿದ್ದ. "ನಿಮ್ಮದು ಯಾವ ಗುಂಪು? ನಿಮ್ಮದು?" ಕೆಲವರಿಗೆ ತಮ್ಮ ಗುಂಪೇ ಗೊತ್ತಿರಲಿಲ್ಲ. ಅವನ ಕಾಲಲ್ಲಿ ಚಪ್ಪಲಿಯಿಲ್ಲ, ಅಂಗಿಯ ತುಂಬ ಗೋಣಿಯ ಧೂಳು. ಕನ್ನಡಕದಕ್ಕನ ಬಳಿ ಬಂದು ಅದನ್ನೇ ಕೇಳಿದ.

"ನಿಲ್ಸಿ ಸಾಕು" ಎಂದಳು ಅವಳು ಗಡುಸಾಗಿ. "ಅದೇ ಗುಂಪು. ಕೊಡೋಕೇ ಬಂದಿದ್ದೀನಿ."

ಆತ ಕೈಮುಗಿಯಲು ಹೋದ. ಅವಳಿಗೆ ಅದನ್ನು ನೋಡುವ ತಾಳ್ಮೆಯಿರಲಿಲ್ಲ, ಸೀದಾ ಒಳಗೆ ಹೋಗಿ ಮಲಗಿದಳು. ಸೂಜಿ ಚುಚ್ಚುವಾಗ ರಕ್ತನಿಧಿಯ ಮೇಡಂ ಎಂದಿನಂತೆ ಮಾತಾಡಿಸಲು ನೋಡಿದರು. ಅವಳು ಗೋಡೆಯ ಕಡೆ ಮುಖ ಮಾಡಿದಳು. ಚೀಲ ತುಂಬುತ್ತಿದ್ದಷ್ಟು ಹೊತ್ತೂ ಅವಳ ತಲೆಯಲ್ಲಿ ಇದ್ದದ್ದು ಗುರುವಾರ. ಪುಣ್ಯ ಕಟ್ಟಿಕೊಂಡೆ ಎಂಬ ಭಾವನೆ ಎಳ್ಳಷ್ಟೂ ಬರಲಿಲ್ಲ. ತಂಗಿಯ ಜೇಬಿನಿಂದ ಏನನ್ನೋ ತೆಗೆದು ಬೇರೆಯವರಿಗೆ ಕೊಟ್ಟ ಹಾಗಾಯಿತು.

ಮೂರಕ್ಕೆ ಮುಂಚೆಯೇ ಚೀಲ ಆಪರೇಷನ್ ಕೋಣೆಗೆ ಹೋಗಿತ್ತು. ಅವಳು ಮನೆಗೆ ಬಂದಾಗ ನಾಲ್ಕು ಗಂಟೆ. ಮೆಟ್ಟಿಲ ಕೆಳಗೆ ಸ್ವಲ್ಪ ಹೊತ್ತು ನಿಂತು, ಬೈಸಿಕೊಳ್ಳಲು ಸಿದ್ಧಳಾಗಿ ಹತ್ತಿದಳು.

ಬೈಯುವ ಪುರುಸೊತ್ತು ಯಾರಿಗೂ ಇರಲಿಲ್ಲ. ತಾಯಿ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪಟ್ಟಿಯ ಪುಸ್ತಕ ಬಿಚ್ಚಿತ್ತು. ತಮ್ಮ ನಂಬರ್ ಒತ್ತಿ ಫೋನನ್ನು ಅವಳ ಕೈಗೆ ಕೊಡುತ್ತಿದ್ದ. ತಂಗಿ ಎದ್ದು ಬಂದು ದಿಂಬಿಗೆ ಒರಗಿಕೊಂಡು ಅಲ್ಲೇ ಕುಳಿತಿದ್ದಳು. ಅಕ್ಕನನ್ನು ನೋಡಿ ಮುಖ ತಿರುಗಿಸಿದಳು. ಆದರೂ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತನ್ನ ಕಾಲು ತೆಗೆದು ಜಾಗ ಮಾಡಿದಳು.

"ಕನ್ನಡಕದವಳ ತಾಯಿ ನಾನು" ಎನ್ನುತ್ತಿದ್ದಳು ತಾಯಿ ಫೋನಿನಲ್ಲಿ. ಯಾರೋ ದೊಡ್ಡ ಅಧಿಕಾರಿಯ ಮುಂದೆ ನಿಂತವಳ ಹಾಗೆ ಪದಗಳನ್ನು ಜೋಡಿಸಿಕೊಂಡು ಮಾತಾಡುತ್ತಿದ್ದಳು. "ನನ್ನ ಕಿರಿ ಮಗಳಿಗೆ ಗುರುವಾರ ರಕ್ತ ಬೇಕಾಗ್ಬಹುದು. ನಮ್ಮನೇಲಿ ಕೊಡೋರು ಯಾರೂ ಉಳಿದಿಲ್ಲ. ನಿಮಗೆ ಬರೋಕಾಗುತ್ತಾ? ಓ. ಸರಿಯಪ್ಪ. ಇರ್ಲಿ ಬಿಡಿ."

ಫೋನ್ ಇಟ್ಟು, "ಇವನೂ ಕಾವಲಂತೆ" ಎಂದಳು ಯಾರ ಮುಖವನ್ನೂ ನೋಡದೆ. ಮುಖ ಕಪ್ಪಿಟ್ಟಿತ್ತು. "ಮುಂದಿನದು ಒತ್ತು."

"ಎಷ್ಟನೇದು ಇದು?" ಎಂದು ಪಿಸುಗುಟ್ಟಿದಳು ಕನ್ನಡಕದಕ್ಕ.

"ಒಂಬತ್ತು" ಎಂದ ತಮ್ಮ. "ಊಟಾನೂ ಮಾಡಿಲ್ಲ. ನಾನು ಮಾತಾಡ್ತೀನಿ ಅಂದ್ರೆ ಕೊಡ್ತಿಲ್ಲ."

ಕನ್ನಡಕದಕ್ಕನಿಗೆ ಆಗ ತಿಳಿಯಿತು: ಆ ಒಂದು ಬಾಗಿಲಿನಿಂದ ಎದ್ದು ಬಂದ ಮೇಲೆ ತಾಯಿ ಇವತ್ತಿನವರೆಗೆ ಯಾರ ಹತ್ತಿರವೂ ಏನನ್ನೂ ಕೇಳಿರಲಿಲ್ಲ. ಒಂದು ಹಿಡಿ ಸಕ್ಕರೆಯನ್ನು ಕೂಡ ಪಕ್ಕದ ಮನೆಯಿಂದ ತಂದವಳಲ್ಲ. ಕಟ್ಟಳೆ ಮಾಡಿದ್ದೇ ಮತ್ತೆ ಕೇಳಬೇಕಾಗಿ ಬರಬಾರದೆಂದು.

ಹತ್ತನೆಯ ನಂಬರು ಒಬ್ಬ ಇಸ್ತ್ರಿ ಅಂಗಡಿಯವಳದು. ಬೆಳಗ್ಗೆ ಅವಳು ಊರಲ್ಲಿಲ್ಲವೆಂದು ಕನ್ನಡಕದಕ್ಕ ಬಿಟ್ಟಿದ್ದಳು. ಈಗಷ್ಟೇ ಬಸ್ಸಿಳಿದಿದ್ದಳಂತೆ, ಹಿಂದೆ ಗದ್ದಲ ಕೇಳುತ್ತಿತ್ತು. ತಾಯಿ ಮತ್ತೆ ಮೊದಲಿನಿಂದ ಹೇಳಿದಳು, ಕಿರಿ ಮಗಳು, ಗುರುವಾರ, ಕೊಡೋರು ಯಾರೂ ಉಳಿದಿಲ್ಲ. ಆ ಕಡೆಯಿಂದ ಏನೋ ಉತ್ತರ ಬಂತು. ತಾಯಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ನಿಮ್ಮನೇಲಿ ಯಾರೂ ಇಲ್ವಾ ತಾಯಿ?" ಎಂದಳು. "ಈ ಗುಂಪಿನವರು? ಮಕ್ಕಳು ಮರಿ?"

ತಮ್ಮ ಸ್ಪೀಕರ್ ಒತ್ತಿದ. "ಇದ್ದಾರಮ್ಮ, ಮೂರು ಮಕ್ಕಳು. ಇಬ್ಬರದ್ದು ನಂದೇ ಗುಂಪು" ಎಂದಿತು ಅತ್ತಲಿನ ದನಿ. "ಅದಕ್ಕೇನೀಗ? ಎಷ್ಟು ಗಂಟೆಗೆ ಬರಲಿ ಹೇಳಿ, ಬಟ್ಟೆ ಕೊಡೋರಿಗೆ ತಿಳಿಸ್ಬೇಕು."

ತಾಯಿ ಬಾಯಿ ತೆರೆದಳು. ಮಾತು ಬರಲಿಲ್ಲ. ಹಲೋ, ಹಲೋ, ಎಷ್ಟು ಗಂಟೆಗಮ್ಮ ಎಂದು ಇಸ್ತ್ರಿ ಅಂಗಡಿಯವಳು ಕೇಳುತ್ತಲೇ ಇದ್ದಳು. ಕನ್ನಡಕದಕ್ಕ ಹತ್ತಿ ಅಂಟಿಸಿದ್ದ ಕೈಯನ್ನೇ ಚಾಚಿ ಫೋನ್ ಇಸಿದುಕೊಂಡು, "ಎಂಟಕ್ಕೆ ಬನ್ನಿ, ಬೆಳಗ್ಗೆ ಎಂಟಕ್ಕೆ" ಎಂದಳು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, "ತಿಂಡಿ ತಿಂದ್ಕೊಂಡು ಬರೋಕೆ ಹೇಳೇ" ಎಂದಳು. "ಬರೀ ಹೊಟ್ಟೇಲಿ ಬಂದುಬಿಟ್ಟಾಳು."